ಕಲ್ಲಿನಿಂದ ಚಕ್ಕೆ ಎಬ್ಬಿಸುವುದನ್ನು ಕಲಿಯುವುದು ಹೇಗೆ?

ಮಹಾರಾಷ್ಟ್ರದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಎರೆಹೊಲದ ಬದುಗಳಲ್ಲೂ ಹಳ್ಳದ ದಂಡೆಗಳಲ್ಲೂ ಹಾಲುಬಿಳುಪಿನ, ಜೇನುಬಣ್ಣದ, ಕೆಲವೊಮ್ಮೆ ಇಟ್ಟಿಗೆಗೆಂಪಿನ ನುಣುಪಾದ ಕಲ್ಲುಂಡೆಗಳು ಸಿಗುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ದಖ್ಖನಿನ ಕರಿಗಲ್ಲಾದಾಗ ಅದರೊಳಗೆ ಗಾಳಿಗುಳ್ಳೆಗಳು ಉಳಿದವು. ಅವುಗಳಲ್ಲಿ ಸಿಲಿಕಾ ತುಂಬಿ ರೂಪುಗೊಂಡ ಕ್ಯಾಲ್ಸೆಡೊನಿ, ಅಗೇಟ್ ಮತ್ತು ಜಾಸ್ಪರ್‌ಗಳೇ ಈ ಉಂಡೆಗಳು. ಯುರೋಪಿನ ಸೀಮೆಸುಣ್ಣದ ಪದರಗಳಲ್ಲಿ ದೊರೆಯುವ ಫ್ಲಿಂಟ್ ನಮ್ಮಲ್ಲಿಲ್ಲವಾದರೂ ಒಡೆಯುವ ಗುಣದಲ್ಲಿ ಇವು ಅದಕ್ಕೆ ಸಮೀಪದವು. ಕಣಗಳು ಅತಿ ಸೂಕ್ಷ್ಮವಾಗಿದ್ದು ಯಾವುದೇ ಒಂದು ದಿಕ್ಕಿಗೆ ಸೀಳುವ ಸ್ವಭಾವ ಇಲ್ಲದಿರುವುದರಿಂದ ಏಟಿನ ಬಲ ಬಿದ್ದ ಬಿಂದುವಿನಿಂದ ಶಂಕುವಿನಾಕಾರದಲ್ಲಿ ಹರಡುತ್ತದೆ, ಚಿಪ್ಪಿನಂಥ ಅಲೆಗಳುಳ್ಳ ಹರಿತವಾದ ಚಕ್ಕೆ ಹೊರಬರುತ್ತದೆ.

ಇಂಥ ಚಕ್ಕೆಗಳನ್ನು ಎಬ್ಬಿಸಿ ಪ್ರಾಚೀನರಂತೆ ಕಲ್ಲಿನ ಉಪಕರಣ ಮಾಡುವುದು ಇಂದು ಒಂದು ಹವ್ಯಾಸ. ವಿಡಿಯೊಗಳನ್ನು ನೋಡಿ ಇದಕ್ಕೆ ಇಳಿಯುವವರು ಗೇಣುದ್ದದ ಈಟಿಮೊನೆಯನ್ನು ಗುರಿಯಾಗಿಟ್ಟುಕೊಳ್ಳುವುದು ಸಾಮಾನ್ಯ. ನಮ್ಮ ನೆಲದ ಕಲ್ಲಿಗೆ ಅದು ಹೊಂದುವುದಿಲ್ಲ. ಇಲ್ಲಿಯ ಉಂಡೆಗಳಲ್ಲಿ ಹೆಚ್ಚಿನವು ಮುಷ್ಟಿಗಿಂತ ಚಿಕ್ಕವು. ಭೀಮೆಯ ಉಪನದಿ ಘೋಡದ ದಂಡೆಯ ಇನಾಮಗಾಂವದಲ್ಲಿ ಮೂರು ಸಾವಿರ ವರ್ಷಗಳ ಹಿಂದೆ ಬೇಸಾಯ ಮಾಡಿಕೊಂಡಿದ್ದವರು ಇಂಥದೇ ಕ್ಯಾಲ್ಸೆಡೊನಿಯಿಂದ ಕಿರಿದಾದ ಅಲಗುಗಳನ್ನು ತೆಗೆಯುತ್ತಿದ್ದರು. ಹೊಸಬರೂ ಎರಡು ಬೆರಳಗಲದ ಒಂದು ಒಳ್ಳೆಯ ಚಕ್ಕೆಯಿಂದ ಆರಂಭಿಸಿದರೆ ಕಲ್ಲೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

ಕಲ್ಲನ್ನು ಆರಿಸುವಾಗ ಇನ್ನೊಂದು ಕಲ್ಲಿನಿಂದ ಮೆಲ್ಲಗೆ ತಟ್ಟಿ ನೋಡಬೇಕು. ನಾದ ಬಂದರೆ ಒಳಗೆ ಗಟ್ಟಿ ಇದೆ ಎಂದರ್ಥ. ಮಂಕಾದ ಸದ್ದು ಬಂದರೆ ಬಿರುಕಿರುವ ಸಂಭವ ಹೆಚ್ಚು. ನಡುವೆ ಹರಳು ತುಂಬಿದ ಪೊಳ್ಳು ಇರುವ ಉಂಡೆಗಳನ್ನು ಬಿಟ್ಟುಬಿಡಬೇಕು. ಹೊಲದ ಒಡೆಯರನ್ನು ಕೇಳಿಯೇ ಎತ್ತಿಕೊಳ್ಳಬೇಕು. ಹಳೆಯ ಮಡಕೆ ಚೂರುಗಳು ಹರಡಿರುವ ಹಾಳೂರಿನ ದಿಬ್ಬಗಳಿಂದ ಮತ್ತು ಸಂರಕ್ಷಿತ ಸ್ಮಾರಕಗಳ ಆವರಣದಿಂದ ಮಾತ್ರ ಏನನ್ನೂ ತರಬಾರದು. ಅಲ್ಲಿ ಬಿದ್ದಿರುವ ಚಕ್ಕೆ ಸ್ವತಃ ಪ್ರಾಚೀನ ಉಪಕರಣವಾಗಿರಬಹುದು, ಅದನ್ನು ಕದಲಿಸಿದರೆ ಅದು ಹೇಳಬಹುದಾಗಿದ್ದ ಸಂಗತಿ ಅಳಿಸಿಹೋಗುತ್ತದೆ. ಕೈ ಪಳಗುವವರೆಗೆ ದಪ್ಪ ಗಾಜಿನ ಬಾಟಲಿಯ ತಳವೇ ಉತ್ತಮ ಪಾಠದ ಕಲ್ಲು.

ಸಲಕರಣೆಗಳಿಗೆ ಹೆಚ್ಚು ಖರ್ಚಿಲ್ಲ. ನದಿಪಾತ್ರದಲ್ಲಿ ಸಿಗುವ, ಸುಮಾರು 200ರಿಂದ 400 ಗ್ರಾಂ ತೂಗುವ ಮೊಟ್ಟೆಯಾಕಾರದ ಗುಂಡುಕಲ್ಲು ಸುತ್ತಿಗೆಯಾಗುತ್ತದೆ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ದೊರೆಯುವ ದಪ್ಪ ತಾಮ್ರದ ತಂತಿಯ ತುಂಡನ್ನು ಮರದ ಹಿಡಿಗೆ ಬಿಗಿದರೆ, ಅಂಚನ್ನು ಒತ್ತಿ ಸಣ್ಣ ಚಕ್ಕೆ ತೆಗೆಯುವ ಒತ್ತುಗೋಲು ಸಿದ್ಧ. ಸಾಣೆಕಲ್ಲಿನ ಒಂದು ಚೂರು ಮತ್ತು ಚಪ್ಪಲಿ ಹೊಲಿಯುವವರಲ್ಲಿ ಸಿಗುವ ದಪ್ಪ ತೊಗಲಿನ ಎರಡು ತುಂಡುಗಳೂ ಬೇಕು. ವಿದೇಶಿ ಪುಸ್ತಕಗಳು ಜಿಂಕೆಯ ಕೊಂಬನ್ನು ಸೂಚಿಸುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧವಾಗುತ್ತದೆ, ಕಾಡಿನಲ್ಲಿ ತಾನಾಗಿ ಉದುರಿದ್ದಾದರೂ ಸರಿ. ಎಮ್ಮೆಯ ಕೊಂಬಿನಿಂದ ಕೆಲಸ ನಡೆಯುತ್ತದೆ.

ಇನ್ನು ಸುರಕ್ಷತೆ. ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಬೂಟು, ತೊಡೆಗೆ ತೊಗಲು ಇಲ್ಲದೆ ಒಂದು ಏಟನ್ನೂ ಹಾಕಬಾರದು. ಗಾಯಕ್ಕಿಂತ ಹೆಚ್ಚು ಅಂಜಬೇಕಾದದ್ದು ದೂಳಿಗೆ. ಕಲ್ಲೊಡೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದನ್ನು ಗುಣಪಡಿಸುವ ಔಷಧವಿಲ್ಲ. ಆದ್ದರಿಂದ ಮನೆಯೊಳಗೆ ಎಂದೂ ಕೂರದೆ, ಪಕ್ಕದಿಂದ ಗಾಳಿ ಬೀಸುವ ಬಯಲಿನಲ್ಲಿ ಎನ್-95 ಮುಖಗವಸು ಧರಿಸಿ ಕೂರಬೇಕು. ಕೆಳಗೆ ತಾಡಪಾಲು ಹಾಸಿ, ಕೆಲಸ ಮುಗಿದ ಮೇಲೆ ನೀರು ಚಿಮುಕಿಸಿಯೇ ಚೂರುಗಳನ್ನು ಬಳಿಯಬೇಕು.

ದುಂಡನೆಯ ಕಲ್ಲಿಗೆ ಏಟು ಕೂರುವ ಅಂಚೇ ಇರುವುದಿಲ್ಲ. ಆದ್ದರಿಂದ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ದೊಡ್ಡ ಕಲ್ಲಿನ ಮೇಲೆ ನಿಲ್ಲಿಸಿ, ಮೇಲಿನಿಂದ ನೇರವಾಗಿ ಹೊಡೆದು ಎರಡಾಗಿ ಸೀಳಿಕೊಳ್ಳಬೇಕು. ಸೀಳಿದ ಸಪಾಟು ಮೈ ಇನ್ನು ಮುಂದೆ ಏಟಿನ ವೇದಿಕೆ. ವೇದಿಕೆಗೂ ಚಕ್ಕೆ ಏಳಬೇಕಾದ ಬದಿಗೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಲೇಬೇಕು. 70ರ ಆಸುಪಾಸಿನಲ್ಲಿದ್ದರೆ ಕೆಲಸ ಸುಲಭ. ಕೋನ ತಪ್ಪಿದ್ದರೆ ಎಷ್ಟು ಬಲ ಹಾಕಿದರೂ ಅಂಚು ಜಜ್ಜಿಹೋಗುತ್ತದೆಯೇ ಹೊರತು ಚಕ್ಕೆ ಏಳುವುದಿಲ್ಲ. ಅಂಚನ್ನು ಸಾಣೆಕಲ್ಲಿನಿಂದ ಉಜ್ಜಿ ಅದರ ತೆಳುಪನ್ನು ತೆಗೆದು, ಕಲ್ಲನ್ನು ಎಡತೊಡೆಯ ತೊಗಲಿನ ಮೇಲೆ ಬಿಗಿಹಿಡಿದು, ಅಂಚಿನಿಂದ ಕೆಲವೇ ಮಿಲಿಮೀಟರ್ ಒಳಗೆ, ಕೆಳಗೆ ಕಲ್ಲಿನ ಬದಿಯಲ್ಲಿ ಏಣು, ಅಂದರೆ ಉಬ್ಬುಗೆರೆ, ಇಳಿದಿರುವ ಜಾಗದ ನೇರಕ್ಕೆ ಹೊಡೆಯಬೇಕು. ಬಲವು ಏಣನ್ನು ಅನುಸರಿಸಿ ಹರಿಯುವುದರಿಂದ ಉದ್ದನೆಯ ಚಕ್ಕೆಗೆ ಉದ್ದನೆಯ ಏಣೇ ದಾರಿ.

ಪ್ರತಿಯೊಂದು ಚಕ್ಕೆಯನ್ನೂ ಎತ್ತಿ ನೋಡುವ ಅಭ್ಯಾಸ ಇಲ್ಲಿಂದಲೇ ಶುರುವಾಗಬೇಕು, ಏಕೆಂದರೆ ಏಟಿನ ಲೋಪವೆಲ್ಲ ಅದರ ಮೈಮೇಲೆ ಇರುತ್ತದೆ. ತುದಿ ಮೆಟ್ಟಿಲಿನಂತೆ ತುಂಡಾಗಿದ್ದರೆ ಬಹುಮಟ್ಟಿಗೆ ಬಲ ಸಾಲದಾಗಿದೆ ಅಥವಾ ಏಟು ಹೊರಮುಖವಾಗಿದೆ. ಚಕ್ಕೆ ದಪ್ಪಗೆ ಬಂದಿದ್ದರೆ ಅಂಚಿನಿಂದ ತೀರ ಒಳಗೆ ಹೊಡೆಯಲಾಗಿದೆ.

ಚಿಕ್ಕ ಉಂಡೆಗಳಿಗೆ ಗುಜರಾತಿನ ಖಂಭಾತದ ಅಗೇಟ್ ಕುಶಲಕರ್ಮಿಗಳ ವಿಧಾನವೇ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ. ಅವರು ಮೊನೆಯುಳ್ಳ ಕಬ್ಬಿಣದ ಸರಳನ್ನು ನೆಲದಲ್ಲಿ ಓರೆಯಾಗಿ ಹುಗಿದು, ಕಲ್ಲಿನ ಅಂಚನ್ನು ಆ ಮೊನೆಗೆ ಆನಿಸಿ ಹಿಡಿದು, ತೆಳ್ಳನೆಯ ಕೋಲಿಗೆ ಎಮ್ಮೆಯ ಕೊಂಬು ಸಿಕ್ಕಿಸಿದ ಸುತ್ತಿಗೆಯಿಂದ ತಟ್ಟುತ್ತಾರೆ. ಚಕ್ಕೆ ಮೊನೆ ತಾಗಿದ ಕಡೆಯಿಂದ ಏಳುತ್ತದೆ. ಹೊಡೆತ ನಿಖರವಾಗುವುದಲ್ಲದೆ ಚಿಕ್ಕ ಕಲ್ಲನ್ನು ಹಿಡಿಯುವುದೂ ಸುಲಭವಾಗುತ್ತದೆ.

ಚಕ್ಕೆ ಏಳಿಸುವುದು ಕೈವಶವಾದ ಮೇಲೆ ಒತ್ತುಗೋಲಿನ ಕೆಲಸಕ್ಕೆ ಬರಬಹುದು. ಅಂಗೈಯ ಮೇಲೆ ತೊಗಲಿಟ್ಟು, ಅದರ ಮೇಲೆ ಚಕ್ಕೆಯನ್ನೋ ಬಾಟಲಿಯ ತಳವನ್ನೋ ಇಟ್ಟು, ಉಜ್ಜಿದ ಅಂಚಿಗೆ ತಾಮ್ರದ ಮೊನೆಯನ್ನು ಊರಿ ಮೊದಲು ಒಳಮುಖವಾಗಿ ಒತ್ತಬೇಕು. ಒತ್ತಡ ಪೂರ್ತಿ ಕೂಡಿದ ಮೇಲಷ್ಟೇ ಮೊನೆಯನ್ನು ಕೆಳಕ್ಕೆ ವಾಲಿಸಬೇಕು. ಸಣ್ಣ ಚಕ್ಕೆ ಅಡಿಯ ಮೈಯಿಂದ ಕಳಚಿಕೊಳ್ಳುತ್ತದೆ. ಕೇವಲ ಕೆಳಕ್ಕೆ ಒತ್ತಿದರೆ ಅಂಚು ಮುರಿಯುತ್ತದೆ. ಕಲ್ಲನ್ನು ಮರಳಿನಲ್ಲಿ ಹುಗಿದು ನಿಧಾನವಾಗಿ ಕಾಯಿಸಿ ಅದರ ಗುಣವನ್ನು ಸುಧಾರಿಸುವ ಕ್ರಮವೂ ಉಂಟು. ತೇವ ಉಳಿದಿದ್ದರೆ ಕಲ್ಲು ಸಿಡಿಯುವುದರಿಂದ ಅದನ್ನು ಆರಂಭದಲ್ಲಿ ಮಾಡಬಾರದು.

ಉಳಿದ ಚೂರುಗಳನ್ನು ಹೊಲಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲಬಾರದು. ಬರಿಗಾಲಿನವರಿಗೂ ದನಗಳಿಗೂ ಅಪಾಯ ಎಂಬುದು ಒಂದು ಕಾರಣವಾದರೆ, ಮುಂದೆ ಅಲ್ಲಿ ಸರ್ವೇಕ್ಷಣೆಗೆ ಬರುವ ಪುರಾತತ್ತ್ವಜ್ಞರು ಅವನ್ನು ಪ್ರಾಚೀನವೆಂದು ಭ್ರಮಿಸಬಹುದೆಂಬುದು ಇನ್ನೊಂದು. ಚೀಲಕ್ಕೆ ತುಂಬಿ ಒಂದೇ ಕಡೆ ಆಳವಾಗಿ ಹುಗಿದು, ಅವು ಇತ್ತೀಚಿನವೆಂದು ತಿಳಿಯುವಂತೆ ಜೊತೆಗೆ ಆ ವರ್ಷದ ಒಂದು ನಾಣ್ಯವನ್ನು ಹಾಕುವುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಕ್ರಮ.