ಹಲವು ಬಣ್ಣದ ಗೋಡೆ ಟೈಲ್ಸ್: ಚೆದುರಿದಂತೆ ಕಾಣುವ ಜೋಡಣೆ

ಬಣ್ಣಗಳು ಯಾವ ವಿನ್ಯಾಸಕ್ಕೂ ಒಳಪಡದೆ ಚೆದುರಿದಂತೆ ಕಾಣಬೇಕಾದರೆ ಕೈಗೆ ಸಿಕ್ಕ ಟೈಲ್ ಅಂಟಿಸುತ್ತ ಹೋದರಾಯಿತು ಎಂದು ಅನೇಕರು ಭಾವಿಸುತ್ತಾರೆ. ಐದು ಬಣ್ಣಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ಅಡ್ಡಕ್ಕೆ 16, ಎತ್ತರಕ್ಕೆ 10ರಂತೆ 160 ಟೈಲ್‌ಗಳನ್ನು ನೋಡದೆ ಕೂರಿಸಿದರೆ, ಒಂದರ ಪಕ್ಕ ಒಂದು ಬರುವ 294 ಜೋಡಿಗಳ ಪೈಕಿ ಸರಾಸರಿ 57ರಲ್ಲಿ ಒಂದೇ ಬಣ್ಣ ಎದುರಾಗುತ್ತದೆ. ಅವು ಅಲ್ಲಲ್ಲಿ ಗುಂಪುಗೂಡಿ ಮಚ್ಚೆಯಂತೆ ಕಾಣುತ್ತವೆ. ಆದ್ದರಿಂದ ಈ ಕೆಲಸದಲ್ಲಿ ಹೆಚ್ಚಿನ ಸಮಯ ಸಲ್ಲಬೇಕಾದುದು ಅಂಟಿಸುವುದಕ್ಕಲ್ಲ, ನೆಲದ ಮೇಲೆ ಹರಡಿ ನೋಡುವುದಕ್ಕೆ.

ಬಣ್ಣಗಳು ಸಮಪ್ರಮಾಣದಲ್ಲಿ ಇರದಿದ್ದರೇ ಚೆಂದ ಎಂಬುದು ನನ್ನ ಅಭಿಪ್ರಾಯ. ಮೇಲೆ ಹೇಳಿದ ಗೋಡೆಗೆ 80 ಬಿಳಿ, 32 ತಿಳಿ ಬೂದು, 24 ತಿಳಿ ನೀಲಿ, 16 ಕಡು ನೀಲಿ, 8 ಹಳದಿ ಎಂದುಕೊಳ್ಳೋಣ. ಒಡೆಯುವ ಮತ್ತು ಕತ್ತರಿಸುವ ಟೈಲ್‌ಗಳ ಲೆಕ್ಕಕ್ಕೆ ಶೇ. 10ರಷ್ಟು ಹೆಚ್ಚು ಕೊಳ್ಳುವುದು ವಾಡಿಕೆಯಾದರೂ, ಎಂಟೇ ಇರುವ ಹಳದಿಗೆ ಆ ಲೆಕ್ಕ ಸಾಲದು. ಎರಡು ಮೂರಾದರೂ ಹೆಚ್ಚುವರಿ ಇರಲಿ. ಬೇರೆ ಬೇರೆ ಬಣ್ಣದ ಟೈಲ್‌ಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರಬಹುದು. ಪ್ರತಿ ಬಣ್ಣದ ಐದಾರು ಟೈಲ್‌ಗಳನ್ನು ಸಾಲಾಗಿಟ್ಟು ಉದ್ದ ಹೋಲಿಸಿ. ವ್ಯತ್ಯಾಸ ಕಂಡರೆ 2 ಮಿ.ಮೀ. ಬದಲು 3 ಮಿ.ಮೀ. ಸ್ಪೇಸರ್ (ಟೈಲ್‌ಗಳ ನಡುವಿನ ಸಂದು ಸಮನಾಗಿರಲು ಇಡುವ ಸಣ್ಣ ತುಂಡು) ಬಳಸಿ.

ನೆಲದ ಮೇಲೆ ಗೋಡೆಯ ಅಳತೆಯನ್ನು ಗುರುತಿಸಿಕೊಂಡು, ಅದನ್ನು ಅಡ್ಡಕ್ಕೆ ನಾಲ್ಕು, ಎತ್ತರಕ್ಕೆ ಐದು ಟೈಲ್ ಹಿಡಿಯುವ ಎಂಟು ಭಾಗಗಳಾಗಿ ವಿಂಗಡಿಸಿ. ಪ್ರತಿ ಭಾಗಕ್ಕೆ ಒಂದು ಹಳದಿ, ಎರಡು ಕಡು ನೀಲಿ ಇಡಿ. ಆದರೆ ಒಂದರಲ್ಲಿ ಮೂಲೆಗೆ, ಇನ್ನೊಂದರಲ್ಲಿ ನಡುವೆ, ಹೀಗೆ ಸ್ಥಾನ ಬದಲಾಗುತ್ತಿರಲಿ. ಅನಂತರ ತಿಳಿ ಬಣ್ಣಗಳನ್ನೂ ಕೊನೆಗೆ ಬಿಳಿಯನ್ನೂ ತುಂಬಿ. ಬಿಳಿ ಪಕ್ಕಪಕ್ಕದಲ್ಲಿ ಬಂದರೆ ದೋಷವಿಲ್ಲ, ಅದು ಹಿನ್ನೆಲೆ. ಅರ್ಧದಷ್ಟಿರುವ ಬಿಳಿಯನ್ನೂ ಒಂದಕ್ಕೊಂದು ತಾಗದಂತೆ ಇಡಹೊರಟರೆ ಗೋಡೆ ಚದುರಂಗದ ಹಾಸಾಗುತ್ತದೆ. ಗಾಢ ಬಣ್ಣಗಳು ಮಾತ್ರ ಅಕ್ಕಪಕ್ಕದಲ್ಲಾಗಲಿ, ಓರೆಯಾಗಿ ಮೆಟ್ಟಿಲಿನಂತಾಗಲಿ ಸಾಲುಗಟ್ಟಬಾರದು. ಫೋಟೊ ತೆಗೆದು ಕಪ್ಪು ಬಿಳುಪಿಗೆ ಬದಲಿಸಿ ನೋಡಿದರೆ ಬರಿಗಣ್ಣಿಗೆ ತಪ್ಪಿಸಿಕೊಂಡ ಗುಂಪುಗಳು ತಟ್ಟನೆ ಹೊಳೆಯುತ್ತವೆ. ಅಂಚಿನಲ್ಲಿ ಟೈಲ್ ಕತ್ತರಿಸಬೇಕಾಗುವಲ್ಲಿ ಹಳದಿ ಬೇಡ. ಸಣ್ಣ ಪಟ್ಟಿಯಾಗಿ ಅದು ವ್ಯರ್ಥವಾಗುತ್ತದೆ. ಜೋಡಣೆ ಒಪ್ಪಿಗೆಯಾದ ಮೇಲೆ ಪ್ರತಿ ಟೈಲಿನ ಹಿಂಬದಿಗೆ ಸಾಲು ಮತ್ತು ಸ್ಥಾನದ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದು, ಸಾಲಿಗೊಂದು ಅಟ್ಟಿಯಂತೆ ಎತ್ತಿಡಿ.

ಅಂಟಿಸುವ ಕ್ರಮ ಎಂದಿನದೇ. ರಸಮಟ್ಟ ಹಿಡಿದು ಎರಡನೆಯ ಸಾಲಿನ ಬುಡಕ್ಕೆ ಮರದ ಪಟ್ಟಿ ಹೊಡೆದು ಅಲ್ಲಿಂದ ಮೇಲಕ್ಕೆ ಹೋಗಿ, ಕೆಳಸಾಲನ್ನು ಕೊನೆಗೆ ಮುಗಿಸಿ. ಹಲ್ಲಿನ ಕರಣೆಯಿಂದ ಅಂಟನ್ನು ಹದಿನೈದು ನಿಮಿಷದಲ್ಲಿ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಎಳೆಯಿರಿ.

ಟೈಲ್‌ಗಳ ನಡುವಿನ ಸಂದು ತುಂಬುವ ಗ್ರೌಟಿನ ಬಣ್ಣದ ಬಗ್ಗೆ ಅವಸರ ಬೇಡ. ಬಿಳಿ ಗ್ರೌಟಿನಲ್ಲಿ ಕಡು ನೀಲಿ ಎದ್ದು ಕಾಣುತ್ತದೆ. ಕಪ್ಪು ಗ್ರೌಟ್ ಬಿಳಿ ಟೈಲ್‌ಗಳ ಮೇಲೆ ಬಲೆ ಹರಡಿದಂತಾಗಿ ಬಣ್ಣಗಳ ಆಟವನ್ನೇ ಮುಚ್ಚಿಬಿಡುತ್ತದೆ. ತಿಳಿ ಬೂದು ಎಲ್ಲದಕ್ಕೂ ಹೊಂದುತ್ತದೆ. ಹೆಚ್ಚುವರಿ ಟೈಲ್‌ಗಳನ್ನು ಹಲಗೆಯ ಚೂರಿಗೆ ಅಂಟಿಸಿ, ಸಂದು ತುಂಬಿ, ಪೂರ್ತಿ ಒಣಗಿದ ಮೇಲೆ ನೋಡಿ. ಹಸಿಯಿದ್ದಾಗಿನ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ.