ಆಟಿ ಮಳೆಗೆ ಆಮೆ ಗೂಡು ಬೆಚ್ಚಗೆ ಮಾಡಿದ್ದು ಹೀಗೆ

ಉಡುಪಿಯಲ್ಲಿ ಚಳಿ ಅಂದ್ರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆದೇ, ಥಂಡಿ ಜೊತೆ ಪಸೆ ಬೇರೆ, ನಮ್ಮ ಸಲ್ಕಾಟಾ ಆಮೆ ಸಹಾರಾ ಅಂಚಿನ ಒಣ ಜಾಗದ ಜಾತಿ, ಅದ್ಕೆ ಇದು ಆಗುದೇ ಇಲ್ಲ, ಮೂಗಲ್ಲಿ ಸಿಂಬಳದ ಗುಳ್ಳೆ ಬರ್ಲಿಕ್ಕೆ ಶುರುವಾಯ್ತು. ಡಾಕ್ಟ್ರು ಮದ್ದು ಕೊಟ್ರು, ಆದ್ರೆ ಗೂಡು ಬೆಚ್ಚಗಾಗದೆ ಗುಣ ಆಗುದಿಲ್ಲ ಅಂದ್ರು. ಬಲ್ಬಿನ ಹಾಗೆ ಹೋಲ್ಡರಿಗೆ ಹಾಕುವ ಸೆರಾಮಿಕ್ ಹೀಟರ್ ಹಾಕಿದೆ, ಬರೀ ಬಿಸಿ, ಬೆಳಕಿಲ್ಲ, ಅದರ ನಿದ್ದೆ ಕೆಡುದಿಲ್ಲ. ಹೋಲ್ಡರ್ ಪಿಂಗಾಣಿದೇ ಬೇಕು ಮಾರಾಯ್ರೆ, ಪ್ಲಾಸ್ಟಿಕ್ ಕರಗ್ತದೆ. ಕ್ಲಿಪ್ ನಂಬ್ಲಿಲ್ಲ, ಹೀಟರನ್ನ ಸರಪಳಿಯಲ್ಲಿ ನೇತುಹಾಕಿ ಸುತ್ತ ಜಾಲರಿ ಕಟ್ಟಿ, ಬಿಸಿಯನ್ನ ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟಿನ ಸೆನ್ಸರನ್ನ ಆಮೆಯ ಬೆನ್ನಿನ ಎತ್ತರಕ್ಕೇ ಇಟ್ಟು ರಾತ್ರಿಗೆ 27 ಡಿಗ್ರಿ ಸೆಟ್ ಮಾಡಿದೆ. ಒಂದು ಮೂಲೆ ಮಾತ್ರ ತಂಪು ಬಿಟ್ಟಿದ್ದೇನೆ, ಬಿಸಿ ಹೆಚ್ಚಾದ್ರೆ ಅದೇ ಅಲ್ಲಿಗೆ ಹೋಗ್ತದೆ. ಅಡಿಗೆ ಹಾಸುವ ಹೀಟ್ ಮ್ಯಾಟ್ ಬೇಡ್ವೇ ಬೇಡ, ಹೊಟ್ಟೆ ಸುಡ್ತದೆ. ಕರೆಂಟ್ ಹೋದ್ರೆ ಬಾಟ್ಲಿಗೆ ಬಿಸಿನೀರು ತುಂಬಿ ಟವಲ್ ಸುತ್ತಿ ಪಕ್ಕಕ್ಕೆ ಇಡುದು.