ಸರ್ವರ್ ಬದುಕಿದೆ, ಆದರೂ ‘ಹೋಸ್ಟ್ ಈಸ್ ಡೌನ್’

ಪೀಣ್ಯದ ಒಂದು ಸಣ್ಣ ಆಫೀಸಿಗೆ ಸೇರಿದಾಗ, "ಸದ್ಯಕ್ಕೆ ನಿಮ್ಮ ಲ್ಯಾಪ್‌ಟಾಪೇ ತಂದುಬಿಡಿ, ಕಂಪ್ಯೂಟರ್ ಆಮೇಲೆ ನೋಡೋಣ" ಅಂದರು. ನನ್ನದು ಉಬುಂಟು 22.04, ಲಿನಕ್ಸಿನ ಒಂದು ಬಗೆ. ಅಲ್ಲಿದ್ದದ್ದೆಲ್ಲ ವಿಂಡೋಸ್, ಅದೂ ಹಳೇದು. ವೈಫೈ ಇಲ್ಲ, ನನ್ನ ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲ. ಎಸ್‌ಪಿ ರೋಡಿನಿಂದ ಯುಎಸ್‌ಬಿ ಅಡಾಪ್ಟರ್ ತಂದೆ.

ಕೇಬಲ್ ಚುಚ್ಚಿದರೆ ಹಸಿರು ದೀಪ ಬಂತು, ಕನೆಕ್ಷನ್ ಮಾತ್ರ ಸುತ್ತುತ್ತಲೇ ಇತ್ತು. ಪಕ್ಕದ ಕಂಪ್ಯೂಟರ್ ನೋಡಿದೆ. ಅಲ್ಲಿ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಆ ಯಂತ್ರದ ನಂಬರನ್ನು, ಕೈಯಲ್ಲೇ ಟೈಪ್ ಮಾಡಿದ್ದರು. ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ಈ ನೆಟ್‌ವರ್ಕ್‌ನಲ್ಲಿ ಇರಲೇ ಇಲ್ಲ. ಯಾರನ್ನೂ ಕೇಳದೆ ಸುಮ್ನೆ 192.168.0.50 ಹಾಕಿಕೊಂಡೆ. ಹತ್ತು ನಿಮಿಷಕ್ಕೆ ಅಕೌಂಟ್ಸ್ ಮೇಡಂ ಧ್ವನಿ: "ಯಾರ್ರೀ ಅದು, ಪ್ರಿಂಟರ್ ನಿಲ್ಸಿದ್ದು?" 50 ಪ್ರಿಂಟರಿನ ನಂಬರಂತೆ. ಪಟ್ಟಿ ಇದ್ದದ್ದು ಇನ್‌ವರ್ಡ್ ರಿಜಿಸ್ಟರಿನ ಕೊನೇ ಪುಟದಲ್ಲಿ, ಪೆನ್ಸಿಲ್ಲಿನಲ್ಲಿ. ಮೇಡಮ್ಮೇ ಅಲ್ಲಿ ನನ್ನ ಹೆಸರು ಬರೆದು 71 ಕೊಟ್ಟರು.

ಇಂಟರ್ನೆಟ್ ಬಂತು. ಆದರೆ ನನಗೆ ಬೇಕಿದ್ದದ್ದು ಸರ್ವರಿನ ಫೋಲ್ಡರ್. ‘ಇದ್ದೀಯಾ’ ಅಂತ ಪಿಂಗ್ ಹೊಡೆದರೆ ಸರ್ವರ್ ಪಟ್ಟಂತ ಉತ್ತರ ಕೊಡುತ್ತದೆ. ಫೋಲ್ಡರನ್ನು ಮೌಂಟ್ ಮಾಡಲು, ಅಂದರೆ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿಕೊಳ್ಳಲು ಹೋದರೆ, ‘ಹೋಸ್ಟ್ ಈಸ್ ಡೌನ್’ (ಸರ್ವರೇ ನಿಂತಿದೆ) ಅನ್ನುತ್ತದೆ. ಎದುರಿಗೇ ಫ್ಯಾನ್ ಗರಗರ ಅಂತ ತಿರುಗುತ್ತಿದೆ, ಡೌನ್ ಎಲ್ಲಿಂದ ಬಂತು? ಎರಡು ದಿನ ಪಾಸ್‌ವರ್ಡ್, ಫೈರ್‌ವಾಲ್, ಕೊನೆಗೆ ಕೇಬಲ್ ಮೇಲೂ ಅನುಮಾನಪಟ್ಟೆ.

ಆ ಸರ್ವರಿನಲ್ಲಿದ್ದದ್ದು ವಿಂಡೋಸ್ ಸರ್ವರ್ 2003. ಫೈಲ್ ಹಂಚಿಕೊಳ್ಳಲು ಅದಕ್ಕೆ ಗೊತ್ತಿರುವುದು ಎಸ್‌ಎಂಬಿ ಅನ್ನುವ ಭಾಷೆಯ ಒಂದನೇ ಆವೃತ್ತಿ ಮಾತ್ರ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವಾನಾಕ್ರೈ ವೈರಸ್ ಹಬ್ಬಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ. ಈಗಿನ ಲಿನಕ್ಸ್, ನಾವೇ ಹೇಳದ ಹೊರತು, ಆ ಆವೃತ್ತಿಯಲ್ಲಿ ಮಾತೇ ಆಡುವುದಿಲ್ಲ. ಎರಡು ಕಡೆಗೂ ಒಪ್ಪಿಗೆಯಾಗುವ ಆವೃತ್ತಿ ಸಿಗದೆ ಹೋದಾಗ ಬರುತ್ತಿದ್ದದ್ದೇ ಆ ಸುಳ್ಳು ಸಂದೇಶ.

ಲಿನಕ್ಸಿನಲ್ಲಿ ಎಸ್‌ಎಂಬಿ ಮಾತಾಡುವ ಸಾಂಬಾ ತಂತ್ರಾಂಶದ ಸೆಟ್ಟಿಂಗ್‌ನಲ್ಲೇ ಕನಿಷ್ಠ ಆವೃತ್ತಿ ಇಳಿಸಿಬಿಡಿ ಅಂತ ಗೆಳೆಯ ಹೇಳಿದ. ಮನಸ್ಸು ಬರಲಿಲ್ಲ. ಇದೇ ಲ್ಯಾಪ್‌ಟಾಪ್ ಸಂಜೆ ಕಾಫಿ ಅಂಗಡಿಯ ವೈಫೈಗೂ ಹೋಗುತ್ತದೆ, ಅಲ್ವಾ? ಯಜಮಾನರಿಗೆ ವಿಷಯ ಹೇಳಿ, ಒಪ್ಪಿಗೆ ತಗೊಂಡು, ಆ ಒಂದು ಫೋಲ್ಡರಿಗೆ ಮಾತ್ರ ಮೌಂಟ್ ಸಾಲಿನಲ್ಲಿ ‘ವರ್ಸ್=1.0’, ಅಂದರೆ ಒಂದನೇ ಆವೃತ್ತಿ ಬಳಸು, ಅಂತ ಸೇರಿಸಿದೆ. ಓದುವುದಕ್ಕೆ ಮಾತ್ರ ಅಂತ ‘ಆರ್‌ಓ’ ಕೂಡ. ಎಂಟರ್ ಒತ್ತಿದೆ. ಯಾವ ದೂರೂ ಇಲ್ಲದೆ ಮುಂದಿನ ಸಾಲು ಬಂತು. ಮನೆಗೆ ಹೊರಡುವ ಮುಂಚೆ ಅನ್‌ಮೌಂಟ್ ಮಾಡುವುದು ಈಗ ಅಭ್ಯಾಸ.

ಖುಷಿಯಲ್ಲಿ ಮೊದಲ ಪತ್ರ ತೆರೆದೆ. ಪುಟ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ನನ್ನಲ್ಲಿ ಆ ಫಾಂಟ್ ಇಲ್ಲ. ಮೇಡಂ ಇಣುಕಿ ನೋಡಿ, "ನಿಮ್ ಲ್ಯಾಪ್‌ಟಾಪಿಗೆ ಕನ್ನಡಾನೂ ಬರಲ್ವಾ?" ಅಂದರು. ಅವತ್ತು ಸಂಜೆ ನುಡಿ ಫಾಂಟ್ ಇಳಿಸಿಕೊಂಡು ಕೂತೆ.